ಕೋಡಿಯಕ್ಕರೈಗೆ ಹೊರಡುವ ಮುಂಚೆ: ಮೊದಲು ನೀರು ವಿಚಾರಿಸಿ, ಆಮೇಲೆ ಟಿಕೆಟ್ ಮಾಡಿ

ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ನಮ್ಮ ಜನ ಕಡಲು ನೋಡಬೇಕು ಅನ್ನಿಸಿದರೆ ಮಂಗಳೂರು, ಗೋಕರ್ಣ, ಇಲ್ಲವೇ ಪುದುಚೇರಿ ಅಂತ ಹೊರಡುತ್ತಾರೆ. ನಾವಿರುವ ತಮಿಳುನಾಡಿನ ನಕ್ಷೆಯನ್ನೇ ಒಮ್ಮೆ ತೆಗೆದು ನೋಡಿ. ಚೆನ್ನೈನಿಂದ ದಕ್ಷಿಣಕ್ಕೆ ನೆಟ್ಟಗೆ ಇಳಿಯುವ ಕರಾವಳಿ ನಾಗಪಟ್ಟಿಣ ದಾಟಿದ ಮೇಲೆ ಒಂದು ಕಡೆ ಥಟ್ಟನೆ ಪಶ್ಚಿಮಕ್ಕೆ ತಿರುಗುತ್ತದೆ. ಆ ಮೂಲೆಯೇ ಕೋಡಿಯಕ್ಕರೈ. ಪಾಯಿಂಟ್ ಕ್ಯಾಲಿಮೇರ್ ಅಂತಲೂ ಕರೆಯುತ್ತಾರೆ. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಪಾಕ್ ಜಲಸಂಧಿ. ಮೂಲೆಯಲ್ಲಿ ಕುರುಚಲಾದರೂ ವರ್ಷವಿಡೀ ಹಸಿರಾಗಿರುವ ಕಾಡು. ಕಾಡಿನ ಪಕ್ಕದಿಂದ ಪಶ್ಚಿಮಕ್ಕೆ ಹತ್ತಾರು ಕಿ.ಮೀ. ಉದ್ದಕ್ಕೆ ಹಬ್ಬಿರುವ ಉಪ್ಪು ಜೌಗು.

ಕೃಷ್ಣಮೃಗಗಳನ್ನು ಉಳಿಸಲೆಂದು 1967ರಲ್ಲಿ ಇದನ್ನು ಅಭಯಾರಣ್ಯ ಮಾಡಿದರು. 2002ರಲ್ಲಿ ವೇದಾರಣ್ಯದ ಜೌಗು ಮತ್ತು ಮುತ್ತುಪೇಟೆಯ ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡನ್ನೂ ಸೇರಿಸಿ 38,500 ಹೆಕ್ಟೇರ್ ಜಾಗ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ತಮಿಳುನಾಡಿನಿಂದ ಆ ಪಟ್ಟಿಗೆ ಹೋದ ಮೊದಲ ಜಾಗ ಇದು.

ಇಲ್ಲಿಗೆ ಬರುವ ಬಹಳ ಜನ ನಡುಮಧ್ಯಾಹ್ನ ಕಾರಿಂದ ಇಳಿಯುತ್ತಾರೆ, "ರಾಜಹಂಸ (ಫ್ಲೆಮಿಂಗೊ) ಎಲ್ಲಿ?" ಅಂತ ಕೇಳುತ್ತಾರೆ, ದೂರದಲ್ಲಿ ಒಂದು ಬಿಳಿ ಗೆರೆ ನೋಡಿ ವಾಪಸ್ ಹೊರಡುತ್ತಾರೆ. ಅಷ್ಟು ದೂರ ಹೋಗಿ ಹಾಗೆ ಬರುವುದು ನಿಜಕ್ಕೂ ಬೇಜಾರಿನ ವಿಷಯ. ಇಲ್ಲಿ ಏನು ಕಾಣುತ್ತದೆ, ಎಲ್ಲಿ ಕಾಣುತ್ತದೆ ಅನ್ನುವುದನ್ನೆಲ್ಲ ತೀರ್ಮಾನಿಸುವುದು ನೀರು. ಅದನ್ನು ತಿಳಿದುಕೊಂಡು ಹೋದರೆ ಪ್ರವಾಸದ ರೀತಿಯೇ ಬೇರೆ ಆಗುತ್ತದೆ.

ಯಾವಾಗ ಹೋಗಬೇಕು

ಈ ಕರಾವಳಿಗೆ ಮಳೆ ತರುವುದು ಹಿಂಗಾರು, ಅಂದರೆ ಈಶಾನ್ಯ ಮಾರುತ. ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಸುರಿಯುತ್ತದೆ. ನಮ್ಮ ಹೊಸೂರಲ್ಲಿ ಜೂನ್-ಜುಲೈ ತಣ್ಣಗಿರುತ್ತದೆ, ಅಲ್ಲೂ ಹಾಗೇ ಇರಬಹುದು ಅಂತ ಹೋಗಬೇಡಿ. ಆಗ ಅಲ್ಲಿ ಒಣ ಬಿಸಿಲು.

ಮಳೆ ಬಿದ್ದಾಗ ಜೌಗಿನ ಮೇಲೆ ತೆಳ್ಳಗೆ ನೀರು ಹರಡಿಕೊಳ್ಳುತ್ತದೆ. ಒಂದು ಕಡೆ ಪಾದ ಮುಳುಗುವಷ್ಟು, ಇನ್ನೊಂದು ಕಡೆ ಮೊಣಕಾಲಷ್ಟು. ಹಕ್ಕಿಗಳು ತಮ್ಮ ಕಾಲುದ್ದಕ್ಕೆ ತಕ್ಕಂತೆ ಜಾಗ ಹಿಡಿಯುತ್ತವೆ. ಗುಬ್ಬಿಗಿಂತ ತುಸು ದೊಡ್ಡದಿರುವ ಪುಟ್ಟ ಗೊರವಗಳು ನೀರಿನ ಅಂಚಿನ ಕೆಸರಲ್ಲಿ ಓಡಾಡುತ್ತವೆ. ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗಳು ಸ್ವಲ್ಪ ಒಳಗೆ. ರಾಜಹಂಸಗಳು ಇನ್ನೂ ಆಳದಲ್ಲಿ. ಮಳೆ ಜಾಸ್ತಿಯಾಗಿ ನೀರು ಏರಿದರೆ ಸಣ್ಣ ಹಕ್ಕಿಗಳಿಗೆ ನಿಲ್ಲಲು ನೆಲ ಸಿಗುವುದಿಲ್ಲ, ಅವು ಉಪ್ಪಿನ ಗದ್ದೆಗಳ ಬದುಗಳಿಗೆ ಸರಿಯುತ್ತವೆ. ಮಳೆ ಕೈಕೊಟ್ಟ ವರ್ಷ ನೀರು ಬೇಗ ಇಂಗಿ ಎಲ್ಲವೂ ದೂರ ದೂರ ಆಗಿಬಿಡುತ್ತವೆ.

ಫೆಬ್ರವರಿ ಕಳೆದ ಮೇಲೆ ನೀರು ಕುಗ್ಗುತ್ತಾ ಉಪ್ಪು ಏರುತ್ತದೆ. ಏಪ್ರಿಲ್-ಮೇ ಹೊತ್ತಿಗೆ ಜೌಗಿನ ಎಷ್ಟೋ ಭಾಗ ಬಿರುಕು ಬಿಟ್ಟ ಮಣ್ಣು, ಮೇಲೆ ಬಿಳಿ ಪದರ. ವಲಸೆ ಹಕ್ಕಿಗಳು ಅಷ್ಟರಲ್ಲಿ ಹೊರಟಿರುತ್ತವೆ. ಕೃಷ್ಣಮೃಗ ಮಾತ್ರ ವರ್ಷವಿಡೀ ಇರುತ್ತದೆ, ಬೇಸಿಗೆಯಲ್ಲಿ ಹುಲ್ಲು ಗಿಡ್ಡವಾಗಿರುವುದರಿಂದ ಇನ್ನೂ ಸುಲಭವಾಗಿ ಕಾಣುತ್ತದೆ.

ಹಾಗಾಗಿ ಹಕ್ಕಿ, ಮೃಗ ಎರಡೂ ಬೇಕು ಅನ್ನುವವರಿಗೆ ಡಿಸೆಂಬರ್ ನಡುವಿನಿಂದ ಜನವರಿ ಕೊನೆಯ ತನಕದ ದಿನಗಳೇ ಒಳ್ಳೆಯವು. ಕಾಡಿನ ಹಕ್ಕಿಗಳ ಮೇಲೆ ಆಸೆ ಇದ್ದವರು ಅಕ್ಟೋಬರ್‌ನಲ್ಲೇ ಹೋಗಬಹುದು. ನವರಂಗ ಹಕ್ಕಿ ಉತ್ತರದಿಂದ ಬಂದು ಇಳಿಯುವ ಸಮಯ ಅದು. ಆದರೆ ನವೆಂಬರ್ ಚಂಡಮಾರುತದ ತಿಂಗಳು. 2018ರ ನವೆಂಬರ್ 16ರಂದು ಗಜ ಚಂಡಮಾರುತ ಇದೇ ನಾಗಪಟ್ಟಿಣ-ವೇದಾರಣ್ಯದ ನಡುವೆ ದಡ ಹತ್ತಿತು. ಕಾಡಿನ ಮರಗಳು ಉರುಳಿದವು, ಕೃಷ್ಣಮೃಗಗಳೂ ಸತ್ತವು. ಹವಾಮಾನ ಇಲಾಖೆಯ ಮುನ್ಸೂಚನೆ ನೋಡದೆ ಆ ತಿಂಗಳು ಹೊರಡಬೇಡಿ.

ಇನ್ನೊಂದು ವಿಷಯ. ಪೊಂಗಲ್ ರಜೆ ಮತ್ತು ತೈ ಅಮಾವಾಸ್ಯೆ ಎರಡನ್ನೂ ಬಿಟ್ಟು ದಿನ ಆರಿಸಿ. ಅಮಾವಾಸ್ಯೆಗೆ ಕಡಲ ಸ್ನಾನಕ್ಕೆ ಜನ ಸೇರುತ್ತಾರೆ, ರಸ್ತೆ ತುಂಬಾ ಗಾಡಿಗಳಿರುತ್ತವೆ.

ಹೊರಡುವ ಒಂದು ವಾರ ಮುಂಚೆ ಅರಣ್ಯ ಇಲಾಖೆಗೆ ಅಥವಾ ನೀವು ಉಳಿಯುವ ಲಾಡ್ಜ್‌ಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಜೌಗಲ್ಲಿ ನೀರು ಎಷ್ಟಿದೆ? ಕಾಡಿನ ಒಳಗಿನ ದಾರಿ ತೆರೆದಿದೆಯಾ? ನಮ್ಮ ಕಡೆಯವರಿಗೆ ತಮಿಳು ಹೇಗೂ ಬರುತ್ತದೆ, ಸಂಕೋಚ ಬೇಡ.

ಹೋಗುವ ದಾರಿ

ಹೊಸೂರಿನಿಂದ ಕೃಷ್ಣಗಿರಿ, ಧರ್ಮಪುರಿ, ಸೇಲಂ, ನಾಮಕ್ಕಲ್, ತಿರುಚ್ಚಿ, ತಂಜಾವೂರು, ಮನ್ನಾರ್‌ಗುಡಿ, ತಿರುತ್ತುರೈಪೂಂಡಿ, ವೇದಾರಣ್ಯ. ಕಾರಲ್ಲಿ ಒಂದು ಪೂರ್ತಿ ಹಗಲು ಬೇಕು. ತಂಜಾವೂರಲ್ಲಿ ಒಂದು ರಾತ್ರಿ ತಂಗಿ ಮರುದಿನ ಹೊರಡುವುದು ಮೈಗೆ ಹಿತ. ರೈಲಲ್ಲಿ ಹೋಗುವವರು ಬೆಂಗಳೂರಿನಿಂದ ತಂಜಾವೂರಿಗೆ ರಾತ್ರಿ ಗಾಡಿ ಹತ್ತಿ, ಅಲ್ಲಿಂದ ಬಸ್ ಹಿಡಿಯಬಹುದು. ತಿರುತ್ತುರೈಪೂಂಡಿಯಿಂದ ವೇದಾರಣ್ಯ ಆಚೆಯ ಅಗಸ್ತಿಯಂಪಳ್ಳಿ ತನಕ 37 ಕಿ.ಮೀ. ಬ್ರಾಡ್‌ಗೇಜ್ ಹಳಿ 2023ರಲ್ಲಿ ತೆರೆಯಿತು. ಆದರೆ ಆ ಹಳಿಯಲ್ಲಿ ಗಾಡಿಗಳು ಕಡಿಮೆ, ಸಮಯ ನೋಡಿಕೊಂಡು ಹೋಗಿ.

ವೇದಾರಣ್ಯದಿಂದ ಕೋಡಿಯಕ್ಕರೈಗೆ ಹತ್ತು-ಹನ್ನೆರಡು ಕಿ.ಮೀ. ಬಸ್ ಇದೆ. ಬೆಳಗಿನ ಜಾವ ಜೌಗಿನ ಬಳಿ ಇರಬೇಕು ಅಂದರೆ ಬಸ್ ನೆಚ್ಚಿಕೊಳ್ಳುವುದು ಕಷ್ಟ, ಹಿಂದಿನ ಸಂಜೆಯೇ ಆಟೋ ಮಾತಾಡಿಟ್ಟುಕೊಳ್ಳಿ.

ಉಳಿಯುವುದು, ಅನುಮತಿ, ಊಟ

ಕೋಡಿಯಕ್ಕರೈಯಲ್ಲಿ ಅರಣ್ಯ ಇಲಾಖೆಯ ಪೂನಾರೈ ಇಲ್ಲಂ ಅನ್ನುವ ವಿಶ್ರಾಂತಿ ಗೃಹ ಇದೆ. ಕೋಣೆಗಳು ಕಡಿಮೆ. ನಾಗಪಟ್ಟಿಣದ ವನ್ಯಜೀವಿ ವಾರ್ಡನ್ ಕಚೇರಿಯ ಮೂಲಕ ಮೊದಲೇ ಕಾಯ್ದಿರಿಸಬೇಕು. ಸಿಗದಿದ್ದರೆ ವೇದಾರಣ್ಯದ ಸಾಧಾರಣ ಲಾಡ್ಜ್‌ಗಳೇ ಗತಿ, ಅವೂ ಸಾಕು. ಎರಡು ರಾತ್ರಿ ಉಳಿಯುವ ಲೆಕ್ಕದಲ್ಲಿ ಹೋಗಿ. ಒಂದೇ ಬೆಳಗಾದರೆ ಮೋಡವೋ ಮಳೆಯೋ ಬಂದು ಎಲ್ಲವನ್ನೂ ಕಸಿದುಕೊಳ್ಳಬಹುದು.

ಕಾಡಿನೊಳಗೆ ಹೋಗಲು ಚೆಕ್‌ಪೋಸ್ಟಲ್ಲಿ ಟಿಕೆಟ್, ಗಾಡಿಗೆ ಮತ್ತು ಕ್ಯಾಮೆರಾಕ್ಕೆ ಬೇರೆ ಶುಲ್ಕ. ಇಲಾಖೆಯವರು ಒಬ್ಬ ಮಾರ್ಗದರ್ಶಿಯನ್ನು ಕೊಟ್ಟರೆ ಖಂಡಿತ ಕರೆದುಕೊಂಡು ಹೋಗಿ. ನಿನ್ನೆ ಸಂಜೆ ಹಿಂಡು ಎಲ್ಲಿತ್ತು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಜೇಬಲ್ಲಿರಲಿ. ಶ್ರೀಲಂಕಾ ಇಲ್ಲಿಂದ ಐವತ್ತು ಕಿ.ಮೀ. ಆಸುಪಾಸಿನಲ್ಲಿದೆ, ಕರಾವಳಿ ಕಾವಲು ಬಿಗಿ. ಪೊಲೀಸರು ನಿಲ್ಲಿಸಿ ಕೇಳಿದರೆ ಗಾಬರಿ ಬೇಡ. ರೇಡಾರ್, ರಕ್ಷಣಾ ಪಡೆಯ ಕಟ್ಟಡಗಳ ಫೋಟೊ ಬೇಡವೇ ಬೇಡ. ಡ್ರೋನ್ ಮನೆಯಲ್ಲೇ ಇರಲಿ.

ಊಟಕ್ಕೆ ವೇದಾರಣ್ಯ. ಕೋಡಿಯಕ್ಕರೈಯಲ್ಲಿ ಚಹಾ ಅಂಗಡಿಗಿಂತ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಒಬ್ಬರಿಗೆ ಕನಿಷ್ಠ ಎರಡು-ಮೂರು ಲೀಟರ್ ಕುಡಿಯುವ ನೀರು ಬೇಕು. ತಿಂಡಿ ಮುಚ್ಚಿದ ಡಬ್ಬಿಯಲ್ಲಿರಲಿ, ಇಲ್ಲಿನ ಕೋಡಗಗಳು ಪ್ಲಾಸ್ಟಿಕ್ ಚೀಲ ಕಂಡರೆ ಕಿತ್ತುಕೊಳ್ಳುತ್ತವೆ. ಅವಕ್ಕೆ ಬಾಳೆಹಣ್ಣು, ಬಿಸ್ಕತ್ತು ಕೊಡುವುದು ಪುಣ್ಯ ಅಂತ ಕೆಲವರು ತಿಳಿದಿದ್ದಾರೆ. ದಯವಿಟ್ಟು ಕೊಡಬೇಡಿ. ಹಾಗೆ ಕೊಟ್ಟು ಕೊಟ್ಟೇ ಅವು ರಸ್ತೆಗೆ ಬಂದು ಗಾಡಿಗೆ ಸಿಗುವುದು.

ಬೇಕೇ ಬೇಕಾದ ವಸ್ತು ಬೈನಾಕ್ಯುಲರ್. 8x42 ಸಾಕು. ಗುಂಪಲ್ಲಿ ಒಬ್ಬರ ಹತ್ತಿರ ಸ್ಪಾಟಿಂಗ್ ಸ್ಕೋಪ್ (ಹಕ್ಕಿ ನೋಡುವ ದೂರದರ್ಶಕ) ಇದ್ದರಂತೂ ಜೌಗು ಹತ್ತಿರವೇ ಬಂದಂತೆ. ಮೊಬೈಲ್ ಕ್ಯಾಮೆರಾ ನಂಬಿ ಹೋದರೆ ಸಿಗುವುದು ಬರೀ ದಿಗಂತ. ಟೋಪಿ, ತೆಳು ಬಣ್ಣದ ತುಂಬುತೋಳಿನ ಅಂಗಿ, ಹಳೆಯ ಬೂಟು. ಹೋಗುವ ಮುಂಚೆ ಹೊಸೂರಿನ ರಾಮನಾಯಕನ ಕೆರೆಯಲ್ಲೋ ಕೆಲವರಪಳ್ಳಿ ಅಣೆಕಟ್ಟಿನ ಹಿನ್ನೀರಲ್ಲೋ ಎರಡು ಬೆಳಗ್ಗೆ ನಿಂತು ಬೈನಾಕ್ಯುಲರ್ ಹಿಡಿದು ಅಭ್ಯಾಸ ಮಾಡಿ. ಮೆಟ್ಟುಗಾಲು ಹಕ್ಕಿಯನ್ನು ಇಲ್ಲೇ ಗುರುತಿಸಲು ಕಲಿತರೆ ಅಲ್ಲಿ ಅದನ್ನೇ ಅಳತೆಗೋಲು ಮಾಡಿಕೊಂಡು ಬೇರೆಯವನ್ನು ಹೋಲಿಸಬಹುದು.

ಬೆಳಗ್ಗೆ ಜೌಗಿಗೆ

ಸೂರ್ಯ ಹುಟ್ಟುವ ಹೊತ್ತಿಗೆ ಜೌಗಿನ ಪೂರ್ವದ ಅಂಚಿನಲ್ಲಿರಿ. ಜೌಗು ಕಾಡಿನ ಪಶ್ಚಿಮಕ್ಕಿದೆ, ಹಾಗಾಗಿ ಬೆಳಗಿನ ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಹಕ್ಕಿಗಳ ಮೇಲೆ ನೇರ ಬೀಳುತ್ತದೆ. ಸಂಜೆ ಅದೇ ಜಾಗದಲ್ಲಿ ನಿಂತರೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ, ಕಾಣುವುದು ಕಪ್ಪು ಆಕಾರ ಮಾತ್ರ. ಒಂಬತ್ತು-ಹತ್ತು ಗಂಟೆ ದಾಟಿದರೆ ಬಿಸಿಗಾಳಿ ಎದ್ದು ದೂರದ್ದೆಲ್ಲ ನಡುಗಲು ಶುರುವಾಗುತ್ತದೆ. ಎಷ್ಟು ದುಬಾರಿ ಲೆನ್ಸ್ ಇದ್ದರೂ ಆಮೇಲೆ ಪ್ರಯೋಜನ ಇಲ್ಲ.

ರಸ್ತೆ, ಬದು, ಇಲಾಖೆಯವರು ತೋರಿಸಿದ ದಾರಿ ಬಿಟ್ಟು ಕೆಸರಿಗೆ ಇಳಿಯಬೇಡಿ. ಮೇಲೆ ಒಣಗಿ ಗಟ್ಟಿ ಕಾಣುವ ಪದರದ ಕೆಳಗೆ ಮೊಣಕಾಲುದ್ದ ಕಪ್ಪು ಕೆಸರು ಇರಬಹುದು. ಅದಕ್ಕಿಂತ ಮುಖ್ಯವಾದದ್ದು ಹಕ್ಕಿಗಳ ನೆಮ್ಮದಿ. ಸಾವಿರಾರು ಕಿ.ಮೀ. ಹಾರಿ ಬಂದ ಹಕ್ಕಿ ವಾಪಸ್ ಹೋಗುವುದಕ್ಕೆ ಇಲ್ಲೇ ಮೈಯಲ್ಲಿ ಕೊಬ್ಬು ಸೇರಿಸಿಕೊಳ್ಳಬೇಕು. ಒಂದು ಫೋಟೊಗಾಗಿ ಹಿಂಡನ್ನು ಎಬ್ಬಿಸಿದರೆ ಅಷ್ಟು ತಿಂದದ್ದು ಅಷ್ಟರಲ್ಲೇ ಖರ್ಚು. ಹಕ್ಕಿಗಳೆಲ್ಲ ತಲೆ ಎತ್ತಿ ನಿಮ್ಮ ಕಡೆ ನೋಡಿದವು ಅಂದರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ. ಅಲ್ಲೇ ನಿಲ್ಲಿ, ಎರಡು ಹೆಜ್ಜೆ ಹಿಂದೆ ಬನ್ನಿ.

ರಾಜಹಂಸ ಸಿಕ್ಕರೆ ಒಂದೇ ಹಕ್ಕಿಯನ್ನು ಆರಿಸಿಕೊಂಡು ಹತ್ತು ನಿಮಿಷ ನೋಡಿ. ಮೊದಲು ನಿಂತಲ್ಲೇ ಕಾಲಲ್ಲಿ ಕೆಸರು ತುಳಿಯುತ್ತದೆ, ಎಡ, ಬಲ, ಎಡ, ಬಲ. ಕೆಲವೊಮ್ಮೆ ಹಾಗೆ ತುಳಿಯುತ್ತಲೇ ಒಂದು ಸುತ್ತು ತಿರುಗುತ್ತದೆ. ಆಮೇಲೆ ಕತ್ತು ಇಳಿಬಿಟ್ಟು ತಲೆಯನ್ನು ತಲೆಕೆಳಗಾಗಿ ನೀರಿಗೆ ಇಡುತ್ತದೆ. ಮೇಲಿನ ಕೊಕ್ಕು ಕೆಳಗಾಗುತ್ತದೆ. ನಾಲಿಗೆಯನ್ನು ಪಂಪಿನ ಹಾಗೆ ಆಡಿಸಿ ಕೆಸರು ನೀರನ್ನು ಎಳೆದು ಹೊರಗೆ ತಳ್ಳುತ್ತದೆ. ಕೊಕ್ಕಿನ ಒಳಗಿನ ಸಣ್ಣ ಹಲ್ಲಿನಂಥ ಪದರಗಳಲ್ಲಿ ಹುಳ, ಸಿಗಡಿ ಮರಿ, ಪಾಚಿ ಸಿಕ್ಕಿಕೊಳ್ಳುತ್ತವೆ. ಮೈ ಗುಲಾಬಿಯಾಗುವುದು ಆ ಊಟದಿಂದಲೇ. ಹಿಂಡಲ್ಲಿ ಬೂದು ಬಣ್ಣದವು ಕಂಡರೆ ಬೇರೆ ಜಾತಿ ಅಂದುಕೊಳ್ಳಬೇಡಿ, ಅವು ಇನ್ನೂ ಬಣ್ಣ ಬರದ ಮರಿಗಳು.

ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಚಮಚ ಕೊಕ್ಕು ನಮಗೆ ಕೊಕ್ಕರೆಬೆಳ್ಳೂರು, ರಂಗನತಿಟ್ಟಿನಿಂದ ಗೊತ್ತು. ಇಲ್ಲಿ ಅವು ಕೂತ ಮರ ಬಿಟ್ಟು ಮೇವಿಗೆ ಇಳಿದಿರುವುದನ್ನು ನೋಡುತ್ತೀರಿ. ಗೊರವಗಳನ್ನು ಹೆಸರು ಹಿಡಿದು ಗುರುತಿಸುವುದು ಪಳಗಿದವರಿಗೂ ಕಷ್ಟ. ಹೆಸರು ಸಿಗದಿದ್ದರೂ ಪರವಾಗಿಲ್ಲ, ಕೊಕ್ಕು ಉದ್ದವೋ ಗಿಡ್ಡವೋ, ಮೇಲಕ್ಕೆ ಬಾಗಿದೆಯೋ ಕೆಳಕ್ಕೋ ಅಂತ ಬರೆದುಕೊಳ್ಳಿ. ಮೇಲಕ್ಕೆ ಬಾಗಿದ ತೆಳ್ಳನೆ ಕೊಕ್ಕು, ಕಪ್ಪು-ಬಿಳುಪು ಮೈ ಇದ್ದರೆ ಅದು ಅವೊಸೆಟ್. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಬದುವಿನ ಪಕ್ಕದಲ್ಲಿ ನೆಲಕ್ಕೆ ಅಂಟಿದಂತೆ ಬೆಳೆಯುವ ಗಿಡಗಳನ್ನೂ ಬಗ್ಗಿ ನೋಡಿ. ತುಂಡು ತುಂಡು ಜೋಡಿಸಿದಂಥ ರಸಭರಿತ ಕಾಂಡ, ಎಲೆಯೇ ಇಲ್ಲ. ಅಲ್ಲಿನವರು ಉಮಿರಿ ಅನ್ನುತ್ತಾರೆ. ಉಪ್ಪನ್ನು ಕಾಂಡದೊಳಗೇ ನೀರಿನ ಜೊತೆ ಹಿಡಿದಿಟ್ಟುಕೊಂಡು ಬದುಕುವ ಗಿಡ ಇದು. ಬೇರೆ ಯಾವ ಹುಲ್ಲೂ ಬದುಕದ ಜಾಗದಲ್ಲಿ ಮಣ್ಣನ್ನು ಹಿಡಿದು ನಿಂತಿರುವುದು ಇದೇ. ಮೆಟ್ಟಬೇಡಿ.

ನಡುಹಗಲು ಉಪ್ಪಿನ ಗದ್ದೆಗೆ

ಹಕ್ಕಿ ನೋಡಲು ಸಲ್ಲದ ಬಿಸಿಲಿನ ಹೊತ್ತನ್ನು ಅಗಸ್ತಿಯಂಪಳ್ಳಿಗೆ ಇಡಿ. ತಮಿಳುನಾಡಿನಲ್ಲಿ ಉಪ್ಪಿಗೆ ತೂತ್ತುಕುಡಿ ಬಿಟ್ಟರೆ ವೇದಾರಣ್ಯವೇ. ಜನವರಿ ನಂತರ ಹೋದರೆ ಗದ್ದೆ ಸರಿಮಾಡುವ ಕೆಲಸ ಶುರುವಾಗಿರುತ್ತದೆ. ಕೆಲಸ ಮಾಡುವವರನ್ನು ಕೇಳದೆ ಫೋಟೊ ತೆಗೆಯಬೇಡಿ, ಬದುಗಳ ಮೇಲೆ ಗಾಡಿ ಹತ್ತಿಸಬೇಡಿ.

ನಮ್ಮ ಕಡೆಯವರು ನೋಡಲೇಬೇಕಾದ, ಉಪ್ಪಿನ ಸತ್ಯಾಗ್ರಹದ ನೆನಪಿನ ಒಂದು ಸ್ತಂಭ ಅಲ್ಲಿದೆ. 1930ರ ಏಪ್ರಿಲ್ 13ರಂದು ರಾಜಾಜಿ ತಿರುಚ್ಚಿಯಿಂದ ಸ್ವಯಂಸೇವಕರ ಜೊತೆ ನಡೆದು ಹೊರಟು, 28ಕ್ಕೆ ವೇದಾರಣ್ಯ ತಲುಪಿ, 30ರಂದು ಉಪ್ಪು ತೆಗೆದು ಬಂಧನಕ್ಕೊಳಗಾದರು. ಈ ಸತ್ಯಾಗ್ರಹಿಗಳಿಗೆ ಅನ್ನ, ಆಶ್ರಯ ಕೊಟ್ಟವರಿಗೆ ಶಿಕ್ಷೆ ಅಂತ ತಂಜಾವೂರಿನ ಕಲೆಕ್ಟರ್ ಆಜ್ಞೆ ಹೊರಡಿಸಿದ್ದ. ಜನ ದಾರಿಯ ಮರದ ಕೊಂಬೆಗಳಿಗೆ ಊಟದ ಪೊಟ್ಟಣ ಕಟ್ಟಿಟ್ಟು ಹೋಗುತ್ತಿದ್ದರು. ಆ ರಾಜಾಜಿ ಹುಟ್ಟಿದ್ದು ನಮ್ಮ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ, 1878ರಲ್ಲಿ. ಮಕ್ಕಳನ್ನು ಕರೆದುಕೊಂಡು ಹೋಗುವವರು ಮೊದಲು ತೊರಪಳ್ಳಿಯ ಮನೆ ತೋರಿಸಿ, ಆಮೇಲೆ ಈ ಸ್ತಂಭದ ಹತ್ತಿರ ನಿಲ್ಲಿಸಿ. ಪುಸ್ತಕದಲ್ಲಿ ಓದಿದ್ದಕ್ಕಿಂತ ಗಟ್ಟಿಯಾಗಿ ಮನಸ್ಸಿನಲ್ಲಿ ಕೂರುತ್ತದೆ.

ಮೂರು ಗಂಟೆಯ ಮೇಲೆ ಕಾಡಿಗೆ

ಕಾಡು ಎತ್ತರದ್ದಲ್ಲ. ಪಾಲೈ ಮರ, ನೇರಳೆ, ಕವಳಿ ಪೊದೆಗಳು. ಮಲೆನಾಡು ಕಂಡವರಿಗೆ ಮೊದಲ ನೋಟಕ್ಕೆ ಏನೂ ಅನ್ನಿಸದಿರಬಹುದು. ಆದರೆ ಮರಳಿನ ಮೇಲೆ, ಉಪ್ಪು ಗಾಳಿಯಲ್ಲಿ, ವರ್ಷದ ಬಹುಪಾಲು ಮಳೆ ಇಲ್ಲದೆ ಎಲೆ ಉದುರಿಸದೆ ನಿಂತಿರುವ ಇಂಥ ಕಾಡು ಈ ಕರಾವಳಿಯಲ್ಲಿ ಉಳಿದಿರುವುದೇ ಅಲ್ಲೊಂದು ಇಲ್ಲೊಂದು ತುಣುಕು. ಅದರಲ್ಲಿ ಇದು ದೊಡ್ಡದು.

ಕೃಷ್ಣಮೃಗಗಳು ಕಾಡಿನ ದಕ್ಷಿಣದ ಹುಲ್ಲುಬಯಲಿನಲ್ಲಿ ಮೇಯುತ್ತವೆ. ರಾಣೆಬೆನ್ನೂರಲ್ಲೋ ಮಧುಗಿರಿಯ ಮೈದನಹಳ್ಳಿಯಲ್ಲೋ ನೋಡಿದವರಿಗೆ ಇಲ್ಲಿ ಹೊಸತು ಅಂದರೆ ಹಿಂದೆ ಕೇಳುವ ಅಲೆಯ ಸದ್ದು. ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಒಳಗೇ ಕುಳಿತು ನೋಡಿ. ಇಳಿದ ತಕ್ಷಣ ಓಡುತ್ತವೆ. ಕಪ್ಪು ಬೆನ್ನು, ತಿರುಚಿದ ಕೊಂಬಿನ ಗಂಡು ಒಂದೇ ಜಾಗದಲ್ಲಿ ಪದೇ ಪದೇ ಹಿಕ್ಕೆ ಹಾಕಿ ಗುಡ್ಡೆ ಮಾಡಿರುತ್ತದೆ. ಅದು ಅದರ ಗಡಿ. ಆ ಗುಡ್ಡೆ ಕಂಡರೆ ಅಲ್ಲೇ ಸುಮ್ನೆ ಕಾಯಿರಿ, ಒಡೆಯ ಬರುತ್ತಾನೆ. ಚುಕ್ಕೆ ಜಿಂಕೆ, ನರಿ, ಹಂದಿಯೂ ಕಾಣಬಹುದು.

ಕುದುರೆಗಳೂ ಕಾಣುತ್ತವೆ. ಎಂದೋ ಸಾಕಿ ಬಿಟ್ಟ ಕುದುರೆಗಳ ಸಂತತಿ, ಈಗ ಪೂರ್ತಿ ಕಾಡಿನವು. ಎಲ್ಲರೂ ಮೊದಲು ಕ್ಯಾಮೆರಾ ತಿರುಗಿಸುವುದು ಅವುಗಳ ಕಡೆಗೇ. ನೋಡಲು ಚೆಂದ, ನಿಜ. ಆದರೆ ಇವು ಮೇಯುವುದೂ ಕೃಷ್ಣಮೃಗದ ಹುಲ್ಲನ್ನೇ. ಬಳ್ಳಾರಿ ಜಾಲಿಯ ಕಾಯಿ ತಿಂದು ಲದ್ದಿಯಲ್ಲಿ ಬೀಜ ಹರಡುತ್ತವೆ, ಜಾಲಿ ಬಂದಲ್ಲಿ ಹುಲ್ಲುಬಯಲು ಮುಚ್ಚಿಹೋಗುತ್ತದೆ. ಇಲಾಖೆಯವರು ಜಾಲಿ ಕೀಳಿಸುತ್ತಿರುವ ಜಾಗ ಕಂಡರೆ "ಅಯ್ಯೋ, ಮರ ಕಡಿಯುತ್ತಿದ್ದಾರೆ" ಅಂತ ವಿಡಿಯೊ ಮಾಡಿ ಹಾಕುವ ಮುಂಚೆ ಒಂದು ಮಾತು ಕೇಳಿ.

ದಾರಿಯಲ್ಲಿ ರಾಮರ್ ಪಾದಂ ಸಿಗುತ್ತದೆ. ರಾಮನ ಹೆಜ್ಜೆ ಅಂತ ಪೂಜಿಸುವ ಕಲ್ಲು ಇರುವ ಸಣ್ಣ ದಿಬ್ಬ. ಸುತ್ತಲಿನ ಜಾಗದಲ್ಲೆಲ್ಲ ಎತ್ತರದ್ದು ಇದೇ, ಸಮುದ್ರಮಟ್ಟದಿಂದ ನಾಲ್ಕು ಮೀಟರ್ ಅಷ್ಟೇ. ಈ ನೆಲ ಎಷ್ಟು ತಗ್ಗಿನಲ್ಲಿದೆ ಅನ್ನುವುದಕ್ಕೆ ಬೇರೆ ಲೆಕ್ಕ ಬೇಡ. ಚೋಳರ ಕಾಲದ್ದು ಅನ್ನುವ ಹಳೆಯ ದೀಪಸ್ತಂಭ 2004ರ ಸುನಾಮಿಯಲ್ಲಿ ಬಿತ್ತು, ಅವಶೇಷ ದಂಡೆಯಲ್ಲಿದೆ. ಕತ್ತಲಾಗುವ ಮುಂಚೆ ಚೆಕ್‌ಪೋಸ್ಟ್ ದಾಟಿ ಹೊರಬನ್ನಿ.

ಇನ್ನೊಂದು ದಿನ ಇದ್ದರೆ ಮುತ್ತುಪೇಟೆ

ವೇದಾರಣ್ಯದಿಂದ ಪಶ್ಚಿಮಕ್ಕೆ, ತಿರುವಾರೂರು ಜಿಲ್ಲೆಯಲ್ಲಿ ಮುತ್ತುಪೇಟೆ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು ಕೋರೈಯಾರ್ ನದಿಯಲ್ಲಿ ದೋಣಿ ಹತ್ತಬೇಕು. ಎರಡೂ ದಡದಲ್ಲಿ ಕಾಂಡ್ಲಾ, ಮುಂದೆ ಹೋದಂತೆ ಅಗಲವಾದ ಹಿನ್ನೀರು. ಕೋರೈಯಾರ್, ಪಾಮಣಿಯಾರ್ ಎಲ್ಲವೂ ಕಾವೇರಿಯ ಕವಲುಗಳು. ತಲಕಾವೇರಿಯಲ್ಲಿ ಹುಟ್ಟಿ, ನಮ್ಮ ಹೊಗೆನಕಲ್ಲಿನಲ್ಲಿ ಧುಮುಕಿದ ನೀರಿನ ಒಂದು ಪಾಲು ಕೊನೆಗೆ ಇಲ್ಲಿನ ಕೆಸರಿಗೆ ಬರುತ್ತದೆ. ಬರುವ ಸಿಹಿನೀರು ಕಡಿಮೆಯಾದಷ್ಟೂ ಹಿನ್ನೀರಿನ ಉಪ್ಪು ಏರುತ್ತದೆ, ಗಿಡಗಳು ಕುಗ್ಗುತ್ತವೆ.

ಇಲ್ಲಿ ಜಾಸ್ತಿ ಇರುವುದು ಕರಾವಳಿಯವರು ಉಪ್ಪಟಿ ಅನ್ನುವ ಜಾತಿ. ದೋಣಿ ದಡಕ್ಕೆ ತಾಗಿದಾಗ ಒಂದು ಎಲೆಯನ್ನು ಕೀಳದೆ ಹಾಗೇ ತಿರುವಿ ನೋಡಿ, ಸಕ್ಕರೆ ಉದುರಿಸಿದಂತೆ ಹರಳುಗಳಿರುತ್ತವೆ. ಬೇರಲ್ಲಿ ಏರಿಬಂದ ಉಪ್ಪನ್ನು ಗಿಡ ಎಲೆಯಿಂದ ಹೊರಹಾಕುವ ಬಗೆ ಅದು. ಸುತ್ತ ಕೆಸರಿನಿಂದ ಎದ್ದ ಬೆರಳುದ್ದದ ಕಡ್ಡಿಗಳೆಲ್ಲ ಉಸಿರಾಡುವ ಬೇರುಗಳು, ಅವುಗಳ ಮೇಲೆ ಕಾಲಿಡಬೇಡಿ. ಲೈಫ್ ಜಾಕೆಟ್ ಕೊಡದ ದೋಣಿಗೆ ಹತ್ತಬೇಡಿ.

ಮನೆಗೆ ಬಂದ ಮೇಲೆ

ತೆಗೆದ ಫೋಟೊಗಳಲ್ಲಿ ಹಕ್ಕಿಗಳ ಕಾಲನ್ನು ದೊಡ್ಡದು ಮಾಡಿ ನೋಡಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ದಶಕಗಳಿಂದ ಕೋಡಿಯಕ್ಕರೈಯಲ್ಲಿ ಹಕ್ಕಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಡುತ್ತಿದ್ದಾರೆ. ಬೇರೆ ದೇಶಗಳಲ್ಲಿ ತೊಡಿಸಿದ ಬಣ್ಣದ ಪಟ್ಟಿ ಇರುವ ಹಕ್ಕಿಗಳೂ ಬರುತ್ತವೆ. ಅಂಥದ್ದು ಕಂಡರೆ ಯಾವ ಕಾಲು, ಮೇಲಿನಿಂದ ಕೆಳಕ್ಕೆ ಬಣ್ಣಗಳ ಕ್ರಮ ಏನು, ಅಕ್ಷರ-ಅಂಕಿ ಇದ್ದರೆ ಏನು, ದಿನ, ಹೊತ್ತು, ಜಾಗ ಎಲ್ಲಿ ಅಂತ ಬರೆದು ಫೋಟೊ ಸಮೇತ ಸೊಸೈಟಿಗೆ ಕಳಿಸಿ. ಉಳಿದ ಹಕ್ಕಿಗಳ ಪಟ್ಟಿಯನ್ನು ಹಕ್ಕಿ ನೋಡುವವರು ದಾಖಲೆ ಹಾಕುವ ಜಾಲತಾಣ ಇ-ಬರ್ಡ್‌ಗೆ ಹಾಕಬಹುದು. ಹಾಕುವಾಗ ಜೌಗಲ್ಲಿ ನೀರು ಎಷ್ಟಿತ್ತು ಅನ್ನುವುದನ್ನೂ ಒಂದು ಸಾಲು ಬರೆಯಿರಿ, ಮುಂದಿನ ವಾರ ಹೊರಡುವವರಿಗೆ ಅದು ಬೇಕಾಗುತ್ತದೆ.